ಎರಡನೆಯ ಪೆಟ್ಟಿಗೆ ಯಾರಿಗೆ?

ಮನೆಯ ಸಿನಿಮಾ ಕೋಣೆಗೆ ಎರಡನೆಯ ಸಬ್‌ವೂಫರ್ ಬಂತೆಂದರೆ ಪಕ್ಕದ ಮನೆಯವರು ಗಾಬರಿಯಾಗುವುದು ಸಹಜ. ಒಂದೇ ಪೆಟ್ಟಿಗೆ ಗೋಡೆ ನಡುಗಿಸುತ್ತಿರುವಾಗ ಇನ್ನೊಂದು ಯಾಕೆ ಎಂದು ಅವರು ಕೇಳುತ್ತಾರೆ. ಮಾರುವವರೂ ಅದನ್ನು ಹಾಗೆಯೇ ಮಾರುತ್ತಾರೆ: ಎರಡಿದ್ದರೆ ಎರಡು ಪಟ್ಟು ದಮ್. ಕೊಳ್ಳುವವರಲ್ಲಿ ಹೆಚ್ಚಿನವರು ಕೊಳ್ಳುವುದೂ ಅದೇ ಆಸೆಯಿಂದ. ಆದರೆ ಸಣ್ಣ ಕೋಣೆಯೊಳಗೆ ಶಬ್ದ ಹೇಗೆ ನಡೆದುಕೊಳ್ಳುತ್ತದೆ ಎಂದು ಸ್ವಲ್ಪ ಕೆದಕಿ ನೋಡಿದರೆ ಬೇರೆಯೇ ಉತ್ತರ ಸಿಗುತ್ತದೆ. ಮೊದಲನೆಯ ಪೆಟ್ಟಿಗೆ ಬರುವುದು ಯಜಮಾನನ ಕುರ್ಚಿಗಾಗಿ. ಎರಡನೆಯದು ಬರಬೇಕಾದದ್ದು ಅದೇ ಕೋಣೆಯಲ್ಲಿ ಬೇರೆ ಕಡೆ ಕೂರುವವರಿಗಾಗಿ.

ಇದನ್ನು ವಿವರಿಸಲು ಮಹಾರಾಷ್ಟ್ರದ ಸಿನ್ನರಿನಲ್ಲಿರುವ ಒಂದು ಕನ್ನಡ ಮನೆ ಸಾಕು. ನಾಶಿಕದಿಂದ ಪುಣೆಯ ದಾರಿಯಲ್ಲಿ ಸುಮಾರು 30 ಕಿಲೋಮೀಟರ್ ಹೋದರೆ ಸಿನ್ನರ್ ಸಿಗುತ್ತದೆ. ಇವತ್ತು ಅದು ಮಾಳೆಗಾಂವ್, ಮುಸಳಗಾಂವ್ ಕೈಗಾರಿಕಾ ವಸಾಹತುಗಳ ಊರು. ಬೀಡಿ ಕಟ್ಟುವುದಕ್ಕೂ ಹೆಸರಾದ ಊರು. ಅಲ್ಲಿನ ಕಪ್ಪು ಕಲ್ಲಿನ ಗೊಂದೇಶ್ವರ ದೇವಸ್ಥಾನ ಇನ್ನೂ ಹಿಂದಿನ ಕಾಲವನ್ನು ನೆನಪಿಸುತ್ತದೆ. ಛತ್ರಪತಿ ಸಂಭಾಜಿನಗರದ ಪಕ್ಕದ ದೇವಗಿರಿಗೆ ಹೋಗುವ ಮೊದಲು ಸೇವುಣ ಯಾದವರು ಆಳಿದ್ದು ಈ ಕಡೆಯಿಂದ. ಆ ಸೇವುಣರು ಬರೆಸಿದ ಶಾಸನಗಳಲ್ಲಿ ನೂರಾರು ಕನ್ನಡದವು. ಹಾಗಾಗಿ ಸಿನ್ನರಿಗೆ ಕನ್ನಡ ತೀರಾ ಹೊಸದೇನಲ್ಲ.

ಈ ಮನೆಯ ಕನ್ನಡ ಮಾತ್ರ ಬಂದದ್ದು ನೌಕರಿಯ ಬೆನ್ನು ಹಿಡಿದು. 1960ರ ದಶಕದಲ್ಲಿ ಮಿಗ್ ವಿಮಾನಗಳಿಗಾಗಿ ನಾಶಿಕದ ಹತ್ತಿರದ ಓಝರ್‌ನಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್‌ನ ವಿಭಾಗ ಶುರುವಾಯಿತು. ಈ ಮನೆಯ ಹಿರಿಯರು ಮುಂದೆ ಬೆಂಗಳೂರಿನಿಂದ ಅಲ್ಲಿಗೆ ವರ್ಗವಾಗಿ ಬಂದು, ಅಲ್ಲಿಯೇ ನಿವೃತ್ತರಾಗಿ ತೀರಿಕೊಂಡರು. ಮಗ ಸಿನ್ನರಿನ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್. ಅವನೊಂದಿಗೆ ಹೆಂಡತಿ, ಶಾಲೆಗೆ ಹೋಗುವ ಮಗಳು ಮತ್ತು ಎಪ್ಪತ್ತು ದಾಟಿದ ತಾಯಿ. ತಾಯಿಯದು ತುಮಕೂರಿನ ಕಡೆಯ ಊರು. ತರಕಾರಿಯವನ ಹತ್ತಿರ, ಡಾಕ್ಟರ ಹತ್ತಿರ, ಎದುರುಮನೆಯ ಅಜ್ಜಿಯ ಹತ್ತಿರ ಅವರು ಆಡುವುದು ಮರಾಠಿ. ಮೊಮ್ಮಗಳು ಅಜ್ಜಿಗೆ ಉತ್ತರ ಕೊಡುವಾಗ ಎರಡು ವಾಕ್ಯ ಕನ್ನಡವಾದರೆ ಮೂರನೆಯದು ಮರಾಠಿಯಾಗುತ್ತದೆ.

ಸಿನಿಮಾಕ್ಕೆ ಈ ಜಿಲ್ಲೆ ತವರುಮನೆ. ದಾದಾಸಾಹೇಬ್ ಫಾಲ್ಕೆ 1870ರಲ್ಲಿ ಹುಟ್ಟಿದ್ದು ಇಲ್ಲಿನ ತ್ರ್ಯಂಬಕೇಶ್ವರದಲ್ಲಿ. 1913ರ ಅವರ 'ರಾಜಾ ಹರಿಶ್ಚಂದ್ರ'ದಲ್ಲಿ ಮಾತೂ ಇರಲಿಲ್ಲ, ಗುಡುಗೂ ಇರಲಿಲ್ಲ. ಆ ತವರಿನಲ್ಲಿ ಕನ್ನಡ ಚಿತ್ರ ನೋಡುವುದು ಮಾತ್ರ ಕಷ್ಟ. ದೊಡ್ಡ ಹೆಸರಿನ ಕನ್ನಡ ಚಿತ್ರಗಳು ಈ ಕಡೆ ತೆರೆಗೆ ಬರುವುದು ಸಾಮಾನ್ಯವಾಗಿ ಹಿಂದಿಯ ಬಾಯಿಂದ. ಆದ್ದರಿಂದ ಮಹಡಿಯ ಮೇಲಿನ 18 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರದ ಕೋಣೆಯನ್ನು ಮಗ ಸಿನಿಮಾ ಕೋಣೆ ಮಾಡಿದಾಗ ಅದು ಬರೀ ಹವ್ಯಾಸವಾಗಿರಲಿಲ್ಲ. ಮನೆಮಂದಿ ಒಟ್ಟಿಗೆ ಕೂತು ಎರಡೂವರೆ ಗಂಟೆ ಕನ್ನಡ ಕೇಳುವ ಜಾಗ ಅದೊಂದೇ ಆಗಿತ್ತು.

ಎದುರಿನ ಗೋಡೆಗೆ ಟಿವಿ. ಅದರ ಎರಡು ಪಕ್ಕದಲ್ಲಿ ಸ್ಪೀಕರ್, ಕೆಳಗೆ ಮಾತಿಗಾಗಿ ಒಂದು ಸೆಂಟರ್ ಸ್ಪೀಕರ್, ಸೋಫಾದ ಅಕ್ಕಪಕ್ಕ ಎರಡು ಚಿಕ್ಕವು, ಮುಂದಿನ ಎಡ ಮೂಲೆಯಲ್ಲಿ ಒಂದು ಸಬ್‌ವೂಫರ್. ಸೋಫಾ ಮುಂದಿನ ಗೋಡೆಯಿಂದ 12 ಅಡಿ ದೂರ. ಹಿಂದಿನ ಗೋಡೆಗೆ ಒರಗಿಸಿ ಬಲ ಮೂಲೆಯಲ್ಲಿ ಒಂದು ದಿವಾನ. ತಾಯಿಗೆ ಸೋಫಾದಲ್ಲಿ ಕಾಲು ನೋಯುತ್ತದೆ, ದಿವಾನದ ಮೇಲೆ ಕಾಲು ಚಾಚಿ ಗೋಡೆಗೆ ಒರಗುವುದು ಅವರಿಗೆ ಹಿತ. ಮೊದಲ ಕೆಲವು ವಾರ ಅವರು ತಪ್ಪದೆ ಬಂದರು. ಆಮೇಲೆ ಮಧ್ಯಂತರಕ್ಕೇ ಎದ್ದು ಹೋಗತೊಡಗಿದರು. ಆಮೇಲೆ ಮೆಟ್ಟಿಲು ಹತ್ತುವುದನ್ನೇ ಬಿಟ್ಟರು. ಕೇಳಿದ್ದಕ್ಕೆ ಅವರು ಕೊಟ್ಟ ಉತ್ತರ ಚಿಕ್ಕದು: "ಗುಡುಗು ಕೇಳ್ಸತ್ತೆ, ಮಾತು ಕೇಳ್ಸಲ್ಲ ಕಣೋ. ನೀವು ನೋಡ್ಕೊಳಿ."

ಮಗನಿಗೆ ಇದು ವಿಚಿತ್ರವಾಗಿ ಕಂಡಿತು, ಯಾಕೆಂದರೆ ಸೋಫಾದ ನಡುವೆ ಕೂತ ಅವನಿಗೆ ಬೇಸ್ ಕಡಿಮೆ ಎನಿಸುತ್ತಿತ್ತು. ಚಂಡೆಯ ಪೆಟ್ಟಿಗೆ ಎದೆ ಇರಲಿಲ್ಲ, ಲಾರಿ ಹಾದು ಹೋದರೆ ಆಟಿಕೆಯಂತಿತ್ತು. ಸಬ್‌ವೂಫರಿನ ಗುಂಡಿಯನ್ನು ಅವನು ಎರಡು ಸಲ ಮೇಲಕ್ಕೆ ತಿರುಗಿಸಿದ್ದ. ಒಂದೇ ಕೋಣೆ, ಒಂದೇ ಚಿತ್ರ, ಆರು ಅಡಿ ಅಂತರ. ಒಬ್ಬರಿಗೆ ಕಡಿಮೆ, ಇನ್ನೊಬ್ಬರಿಗೆ ಸಹಿಸಲಾರದಷ್ಟು. ಇಬ್ಬರೂ ಹೇಳುತ್ತಿದ್ದದ್ದು ನಿಜ.

ಕಾರಣ ಅಲೆಯ ಉದ್ದದಲ್ಲಿದೆ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 1125 ಅಡಿ ಸಾಗುತ್ತದೆ. ಸೆಕೆಂಡಿಗೆ ಸಾವಿರ ಸಲ ಕಂಪಿಸುವ ಸದ್ದಿನ ಒಂದು ಅಲೆ ಒಂದಡಿಗಿಂತ ತುಸು ಹೆಚ್ಚು ಉದ್ದ. ಕೋಣೆಗೆ ಹೋಲಿಸಿದರೆ ಅದು ಚಿಕ್ಕದು, ಬೆಳಕಿನ ಕಿರಣದಂತೆ ಗೋಡೆಗೆ ತಾಗಿ ಚದುರುತ್ತದೆ. ಆದರೆ 80 ಹರ್ಟ್ಜ್ ಸದ್ದಿನ ಅಲೆ 14 ಅಡಿ, 40 ಹರ್ಟ್ಜ್‌ನದು 28 ಅಡಿ, 20 ಹರ್ಟ್ಜ್‌ನದು 56 ಅಡಿ. 18 ಅಡಿಯ ಕೋಣೆಯಲ್ಲಿ ಅಷ್ಟುದ್ದದ ಅಲೆಗೆ ಬಿಚ್ಚಿಕೊಳ್ಳಲು ಜಾಗವಿಲ್ಲ. ಅದು ಎರಡು ಗೋಡೆಗಳ ನಡುವೆ ಹೋಗಿ ಬಂದು ತನ್ನ ಮೇಲೇ ತಾನು ಬೀಳುತ್ತದೆ. ಕೆಲವು ಕಂಪನಗಳಲ್ಲಿ ಹೋಗುವ ಅಲೆಯೂ ಬರುವ ಅಲೆಯೂ ಸರಿಯಾಗಿ ಹೊಂದಿಕೊಂಡು ನಿಂತಲ್ಲೇ ನಿಂತುಬಿಡುತ್ತವೆ. ಆಗ ಕೋಣೆಯ ಕೆಲವು ಜಾಗದಲ್ಲಿ ಸದ್ದು ಗುಡ್ಡವಾಗುತ್ತದೆ, ಕೆಲವು ಜಾಗದಲ್ಲಿ ಹಳ್ಳವಾಗುತ್ತದೆ.

ಈ ಗುಡ್ಡ ಹಳ್ಳಗಳು ಕಣ್ಣಿಗೂ ಕಾಣುವಂಥವು. 18ನೆಯ ಶತಮಾನದ ಕೊನೆಯಲ್ಲಿ ಜರ್ಮನಿಯ ಅರ್ನ್ಸ್ಟ್ ಖ್ಲಾಡ್ನಿ ಲೋಹದ ತಟ್ಟೆಯ ಮೇಲೆ ಮರಳು ಉದುರಿಸಿ, ಅಂಚಿಗೆ ಪಿಟೀಲಿನ ಕಮಾನು ಎಳೆದು, ಕಂಪನವಿಲ್ಲದ ಗೆರೆಗಳಲ್ಲಿ ಮರಳು ಹೋಗಿ ಕೂರುವುದನ್ನು ತೋರಿಸಿದ. ಸಿ. ವಿ. ರಾಮನ್ ನಮ್ಮ ಮೃದಂಗ, ತಬಲಗಳ ಚರ್ಮ ಹೇಗೆ ಹೋಳುಹೋಳಾಗಿ ಕಂಪಿಸುತ್ತದೆ, ನಡುವಿನ ಕಪ್ಪು ಲೇಪ ಆ ಕಂಪನಗಳನ್ನು ಹೇಗೆ ಸ್ವರಕ್ಕೆ ತರುತ್ತದೆ ಎಂಬುದನ್ನು 1920ರಿಂದಲೇ ಬರೆದಿದ್ದರು. ಮೃದಂಗದ ಚರ್ಮದ ಮೇಲೆ ಆಗುವುದು ಕೋಣೆಯ ಗಾಳಿಯಲ್ಲೂ ಆಗುತ್ತದೆ. ಕೋಣೆಯೂ ಒಂದು ವಾದ್ಯ, ಆದರೆ ಅದನ್ನು ಯಾರೂ ಶ್ರುತಿ ಮಾಡಿ ಕಟ್ಟಿರುವುದಿಲ್ಲ.

ಆ ವಾದ್ಯದ ಸ್ವರಗಳನ್ನು ಕಂಡುಹಿಡಿಯಲು ಟೇಪು ಸಾಕು. 1125ನ್ನು ಕೋಣೆಯ ಅಳತೆಯ ಎರಡು ಪಟ್ಟಿನಿಂದ ಭಾಗಿಸಬೇಕು. ಈ ಕೋಣೆಯಲ್ಲಿ 18 ಅಡಿ ಉದ್ದಕ್ಕೆ ಬರುವುದು 31 ಹರ್ಟ್ಜ್, 12 ಅಡಿ ಅಗಲಕ್ಕೆ 47, 10 ಅಡಿ ಎತ್ತರಕ್ಕೆ 56. ಉದ್ದದ ಎರಡನೆಯ ಸ್ವರ 62ರಲ್ಲಿ. ಇವೆಲ್ಲ ಸಬ್‌ವೂಫರ್ ಕೆಲಸ ಮಾಡುವ ಸೀಮೆಯೊಳಗೇ ಬರುತ್ತವೆ. ಅಗಲದ 47 ಹರ್ಟ್ಜ್ ಸ್ವರ ಎಡ ಬಲ ಗೋಡೆಗಳ ಬಳಿ ಜೋರಾಗಿದ್ದು ಸರಿಯಾಗಿ ನಡುವೆ ಸೊನ್ನೆಗೆ ಇಳಿಯುತ್ತದೆ. ಸೋಫಾದ ನಡುಭಾಗ ಇರುವುದು ಆ ಸೊನ್ನೆಯ ಗೆರೆಯ ಮೇಲೆ. ಉದ್ದದ ಸ್ವರಗಳು ಕೂಡ ಸೋಫಾದ ಜಾಗದಲ್ಲಿ ಅರ್ಧಕ್ಕೆ ಇಳಿದಿರುತ್ತವೆ. ದಿವಾನ ಇರುವ ಮೂಲೆಯಲ್ಲಿ ಎಲ್ಲ ಗೋಡೆಗಳೂ ಸೇರುವುದರಿಂದ ಉದ್ದದ್ದೂ ಅಗಲದ್ದೂ ಎರಡೂ ತುತ್ತತುದಿಯಲ್ಲಿರುತ್ತವೆ. ಸಬ್‌ವೂಫರನ್ನೂ ಮೂಲೆಯಲ್ಲೇ ಇಟ್ಟಿದ್ದರಿಂದ ಅದು ಕೋಣೆಯ ಒಂದು ಸ್ವರವನ್ನೂ ಬಿಡದೆ ಎಬ್ಬಿಸುತ್ತಿತ್ತು. ಮಗ ತನ್ನ ಹಳ್ಳ ತುಂಬಲು ಗುಂಡಿ ತಿರುಗಿಸಿದಷ್ಟೂ ಅಮ್ಮನ ಗುಡ್ಡ ಎತ್ತರವಾಗುತ್ತಿತ್ತು.

ಇಲ್ಲಿ ಮನೆ ಕಟ್ಟುವ ರೀತಿಯೂ ಸೇರಿಕೊಳ್ಳುತ್ತದೆ. ಹೋಮ್ ಸಿನಿಮಾ ಕುರಿತ ಸಲಹೆಗಳಲ್ಲಿ ಬಹುಪಾಲು ಅಮೆರಿಕದಿಂದ ಬಂದವು. ಅಲ್ಲಿನ ಮನೆಗಳ ಒಳಗೋಡೆಗಳು ಹೆಚ್ಚಾಗಿ ಮರದ ಚೌಕಟ್ಟಿಗೆ ಜಿಪ್ಸಮ್ ಹಲಗೆ ಬಡಿದವು. ಅಂಥ ಗೋಡೆ ಬೇಸ್‌ಗೆ ತಾನೂ ಸ್ವಲ್ಪ ಅಲುಗಾಡಿ ಅದರ ಶಕ್ತಿಯನ್ನು ಹೀರಿಕೊಳ್ಳುತ್ತದೆ. ನಮ್ಮ ಇಟ್ಟಿಗೆ ಗೋಡೆ, ಆರ್‌ಸಿಸಿ ಛಾವಣಿ, ಟೈಲ್ಸ್ ನೆಲ ಹೀಗೆ ಅಲುಗಾಡುವುದಿಲ್ಲ. ಸದ್ದನ್ನು ಪೂರ್ತಿಯಾಗಿ ಹಿಂದಕ್ಕೆ ಎಸೆಯುತ್ತವೆ. ಆದ್ದರಿಂದ ನಮ್ಮ ಕೋಣೆಗಳಲ್ಲಿ ಗುಡ್ಡ ಹೆಚ್ಚು ಚೂಪು, ಹಳ್ಳ ಹೆಚ್ಚು ಆಳ, ಹೊಡೆದ ಪೆಟ್ಟು ನಿಲ್ಲಲು ಹೆಚ್ಚು ಹೊತ್ತು. ಪರದೆ, ಜಮಖಾನೆ, ಗೋಡೆಗೆ ಅಂಟಿಸುವ ತೆಳು ಫೋಮು ಮೇಲಿನ ಸದ್ದನ್ನು ಮೆತ್ತಗೆ ಮಾಡುತ್ತವೆ. 28 ಅಡಿಯ ಅಲೆಗೆ ಎರಡು ಇಂಚಿನ ಫೋಮು ಲೆಕ್ಕಕ್ಕಿಲ್ಲ.

ಗುಡುಗು ಹೆಚ್ಚಾದರೆ ಮಾತು ಯಾಕೆ ಕೇಳಿಸಬಾರದು? ಕೆಳಗಿನ ಜೋರು ಸದ್ದು ಮೇಲಿನ ಮೆಲು ಸದ್ದನ್ನು ಮುಚ್ಚಿಹಾಕುವುದು ಎಲ್ಲರ ಕಿವಿಯಲ್ಲೂ ಆಗುತ್ತದೆ. ಒಳಗಿವಿಯ ರಚನೆಯೇ ಹಾಗಿದೆ. ವಯಸ್ಸಾದವರಲ್ಲಿ ಇದರ ಜೊತೆ ಇನ್ನೊಂದು ಸೇರುತ್ತದೆ. ವಯಸ್ಸಿನಿಂದ ಕಿವಿ ಮಂದವಾಗುವುದು ಸಾಮಾನ್ಯವಾಗಿ ಮೇಲಿನ ಕಂಪನಗಳಿಂದ ಶುರುವಾಗುತ್ತದೆ. ಸ್ವರಗಳ ಬಲ ಕೆಳಗಿದೆ. ಸ, ಶ, ತ, ಪ, ಕ ಇಂಥ ವ್ಯಂಜನಗಳನ್ನು ಒಂದರಿಂದೊಂದು ಬೇರೆ ಮಾಡುವ ಸುಳಿವು ಇರುವುದು ಮೇಲೆ, ಎರಡು ಸಾವಿರ ಹರ್ಟ್ಜ್‌ನಿಂದ ಆಚೆಗೆ. ಅದು ಮಸುಕಾದಾಗ ಯಾರೋ ಮಾತಾಡುತ್ತಿದ್ದಾರೆ ಎಂಬುದು ತಿಳಿಯುತ್ತದೆ, ಏನು ಎಂಬುದು ತಿಳಿಯುವುದಿಲ್ಲ. ಬೇಸ್ ಮಾತ್ರ ಎಂದಿನಂತೆ ಪೂರ್ತಿ ಕೇಳಿಸುತ್ತದೆ. ಆ ತಾಯಿಯ ಐದಾರು ಪದದ ದೂರಿನಲ್ಲಿ ಕೋಣೆಯ ದೋಷವೂ ಕಿವಿಯ ವಯಸ್ಸೂ ಎರಡೂ ಇದ್ದವು. ನಾಶಿಕದಲ್ಲಿ ಕಿವಿ ಪರೀಕ್ಷೆ ಮಾಡಿಸಿದಾಗ ಎರಡನೆಯದು ಖಚಿತವಾಯಿತು. ಮೊದಲನೆಯದನ್ನು ಮನೆಯಲ್ಲೇ ಅಳೆಯಬೇಕಿತ್ತು.

ಅಳೆಯುವುದಕ್ಕೆ ಮೊಬೈಲಿನ ಡೆಸಿಬೆಲ್ ಆ್ಯಪ್ ನಂಬುವಂತಿಲ್ಲ. ಅಂಥ ಆ್ಯಪ್‌ಗಳು ಸಾಮಾನ್ಯವಾಗಿ ಬಳಸುವ 'ಎ' ತೂಕದ ಲೆಕ್ಕದಲ್ಲಿ 50 ಹರ್ಟ್ಜ್ ಸದ್ದಿಗೆ 30 ಡೆಸಿಬೆಲ್ ಕಳೆದುಬಿಡುತ್ತಾರೆ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಎಂದು ಹೇಳುವ 2000ದ ಶಬ್ದಮಾಲಿನ್ಯ ನಿಯಮಗಳ ಲೆಕ್ಕವೂ ಅದೇ. ಹಾಗಾಗಿ ಮೀಟರು ಸುಮ್ಮನಿರುವಾಗಲೂ ಪಕ್ಕದ ಮನೆಯ ಸ್ಟೀಲ್ ಲೋಟ ಝಣಗುಟ್ಟಬಹುದು. ಬೇಕಾಗಿರುವುದು ಕಂಪ್ಯೂಟರಿಗೆ ನೇರ ಸಿಕ್ಕಿಸುವ ಅಳತೆಯ ಮೈಕು ಮತ್ತು ಆರ್‌ಇಡಬ್ಲ್ಯು ಎಂಬ, ಉಚಿತವಾಗಿ ಸಿಗುವ ಸಾಫ್ಟ್‌ವೇರ್. ಅದು 15 ಹರ್ಟ್ಜ್‌ನಿಂದ 200ರವರೆಗೆ ಸದ್ದನ್ನು ಜಾರಿಸುತ್ತಾ ಹೋಗಿ ಮೈಕು ಕೇಳಿದ್ದನ್ನು ಗ್ರಾಫಿನಲ್ಲಿ ಬರೆಯುತ್ತದೆ. ಹೆಚ್ಚಿನವರು ಮೈಕನ್ನು ತಾವು ಕೂರುವ ಜಾಗದಲ್ಲಿಟ್ಟು ಅಳೆದು ಮುಗಿಸುತ್ತಾರೆ. ಇಲ್ಲಿ ಸೋಫಾದ ಎಡಕ್ಕೆ, ನಡುವೆ, ಬಲಕ್ಕೆ ಮತ್ತು ದಿವಾನದ ಮೇಲೆ, ತಾಯಿಯ ತಲೆ ಇರುವ ಎತ್ತರದಲ್ಲಿ, ಒಟ್ಟು ನಾಲ್ಕು ಕಡೆ ಅಳೆದರು. 47 ಹರ್ಟ್ಜ್‌ನ ಹತ್ತಿರ ಸೋಫಾದ ನಡುವಿನ ಗೆರೆ ಬಾವಿಗೆ ಇಳಿದಿತ್ತು, ದಿವಾನದ ಗೆರೆ ಗೋಪುರ ಏರಿತ್ತು.

ಇದನ್ನು ರಿಸೀವರಿನ ಈಕ್ವಲೈಸರ್‌ನಿಂದ ಸರಿ ಮಾಡಬಾರದೇ ಎಂಬ ಪ್ರಶ್ನೆ ಸಹಜ. ಈಗಿನ ರಿಸೀವರುಗಳು ತಾವೇ ಅಳೆದು ತಾವೇ ತಿದ್ದುತ್ತವೆ. ಆದರೆ ತಿದ್ದುವುದು ಪೆಟ್ಟಿಗೆಯಿಂದ ಹೊರಡುವ ಸದ್ದನ್ನು. ಅದು ಎಲ್ಲ ಕುರ್ಚಿಗೂ ಒಂದೇ. ಸೋಫಾಕ್ಕಾಗಿ 47ನ್ನು ಏರಿಸಿದರೆ ದಿವಾನದಲ್ಲಿ ಇನ್ನೂ ಏರುತ್ತದೆ, ದಿವಾನಕ್ಕಾಗಿ ಇಳಿಸಿದರೆ ಸೋಫಾದಲ್ಲಿ ಏನೂ ಉಳಿಯುವುದಿಲ್ಲ. ಎತ್ತರದ 56 ಹರ್ಟ್ಜ್‌ನಂತೆ ಎಲ್ಲರ ಕಿವಿಗೂ ಸಮಾನವಾಗಿ ಬರುವ ಗುಡ್ಡವನ್ನು ಈಕ್ವಲೈಸರ್ ಚೆನ್ನಾಗಿ ಕತ್ತರಿಸುತ್ತದೆ. ಕುರ್ಚಿಯಿಂದ ಕುರ್ಚಿಗೆ ಇರುವ ಭೇದ ಅದರ ಕೈಗೆ ಸಿಗುವುದಿಲ್ಲ. ಎರಡನೆಯ ಸಬ್‌ವೂಫರ್ ಬೇಕಾಗುವುದು ಆ ಭೇದಕ್ಕೆ.

ಹರ್ಮನ್ ಕಂಪನಿಯ ಸಂಶೋಧಕ ಟಾಡ್ ವೆಲ್ಟಿ 2002ರಲ್ಲಿ ಎಷ್ಟು ಸಬ್‌ವೂಫರ್ ಇದ್ದರೆ ಸಾಕು ಎಂಬ ಪ್ರಶ್ನೆಯನ್ನೇ ಶೀರ್ಷಿಕೆಯಾಗಿಟ್ಟು ಒಂದು ಪ್ರಬಂಧ ಮಂಡಿಸಿದರು. ಆಯತಾಕಾರದ ಕೋಣೆಯಲ್ಲಿ ಪೆಟ್ಟಿಗೆಗಳನ್ನು ನಾನಾ ಕಡೆ ಇಟ್ಟು, ಕುರ್ಚಿಗಳ ನಡುವಿನ ಭೇದ ಎಲ್ಲಿ ಕಡಿಮೆಯಾಗುತ್ತದೆ ಎಂದು ಅವರು ಹುಡುಕಿದ್ದರು. ನಾಲ್ಕು ಗೋಡೆಗಳ ನಡುಬಿಂದುವಿನಲ್ಲಿ ನಾಲ್ಕು ಪೆಟ್ಟಿಗೆ ಬಹಳ ಚೆನ್ನ, ಎದುರುಬದುರು ಗೋಡೆಗಳ ನಡುಬಿಂದುವಿನಲ್ಲಿ ಎರಡಾದರೂ ಕೆಲಸ ನಡೆಯುತ್ತದೆ, ನಾಲ್ಕರ ಆಚೆಗೆ ಹೆಚ್ಚಿನ ಲಾಭವಿಲ್ಲ ಎಂಬುದು ಅದರ ಸಾರ.

ಸಿನ್ನರಿನ ಕೋಣೆಯಲ್ಲಿ ಎಡ ಬಲ ಗೋಡೆಗಳ ನಡುಬಿಂದು ಖಾಲಿಯಿದ್ದವು. ಬಾಗಿಲು ಇದ್ದದ್ದು ಬಲಗೋಡೆಯ ಮುಂತುದಿಯಲ್ಲಿ. ಹಳೆಯದರ ಮಾದರಿಯದೇ ಇನ್ನೊಂದು ಸಬ್‌ವೂಫರ್ ತಂದು ಒಂದೊಂದನ್ನು ಒಂದೊಂದು ಗೋಡೆಯ ನಡುವೆ ಇಟ್ಟರು. ಬೇರೆ ಬೇರೆ ಮಾದರಿಯಾದರೆ ಒಂದು ಬೇಗ ದಣಿಯುತ್ತದೆ, ಒಂದು ತಡವಾಗಿ ಎದ್ದು ನಿಲ್ಲುತ್ತದೆ, ಜೋಡಿ ಹೊಂದುವುದಿಲ್ಲ. ಈಗ ಅಗಲದ 47 ಹರ್ಟ್ಜ್ ಸ್ವರದ ಗತಿ ನೋಡಿ. ಆ ಸ್ವರದಲ್ಲಿ ಎಡಗೋಡೆಯ ಬಳಿ ಗಾಳಿ ಒತ್ತಿಕೊಂಡಾಗ ಬಲಗೋಡೆಯ ಬಳಿ ಸಡಿಲವಾಗಿರುತ್ತದೆ. ಎರಡು ಪೆಟ್ಟಿಗೆಗಳೂ ಒಟ್ಟಿಗೇ ತಳ್ಳಿದರೆ ಒಂದು ಆ ಸ್ವರವನ್ನು ಎಬ್ಬಿಸುತ್ತದೆ, ಇನ್ನೊಂದು ಅಷ್ಟೇ ಬಲದಿಂದ ಮಲಗಿಸುತ್ತದೆ. ಜೋಕಾಲಿಯನ್ನು ಎರಡೂ ಕಡೆಯಿಂದ ಒಂದೇ ಹೊತ್ತಿಗೆ ಒಂದೇ ಬಲದಿಂದ ತಳ್ಳಿದಂತೆ. ಉದ್ದದ 31 ಹರ್ಟ್ಜ್ ಸ್ವರಕ್ಕೆ ಗೋಡೆಯ ನಡುಬಿಂದು ಸೊನ್ನೆಯ ಜಾಗ, ಅಲ್ಲಿಂದ ಅದನ್ನು ಎಬ್ಬಿಸಲು ಆಗುವುದೇ ಇಲ್ಲ. ಹೀಗೆ ಅತಿ ಹೆಚ್ಚು ತೊಂದರೆ ಕೊಡುವ ಎರಡು ಸ್ವರಗಳು ಒಂದು ಸ್ಕ್ರೂಡ್ರೈವರ್ ಕೂಡ ಹಿಡಿಯದೆ ತಗ್ಗಿದವು.

ಉದ್ದದ 62 ಹರ್ಟ್ಜ್ ಸ್ವರ ಮಾತ್ರ ಈ ಜಾಗದಿಂದ ಚೆನ್ನಾಗಿಯೇ ಏಳುತ್ತದೆ, ಹಿಂದಿನ ಗೋಡೆಯ ಬಳಿ ತುದಿ ಮುಟ್ಟುತ್ತದೆ. ಅದಕ್ಕೆ ಮದ್ದು ದಿವಾನವನ್ನು ಗೋಡೆಯಿಂದ ಎರಡು ಅಡಿ ಮುಂದಕ್ಕೆ ಎಳೆಯುವುದು. ಒರಗಲು ಗೋಡೆ ಹೋಯಿತೆಂದು ಅಮ್ಮ ಗೊಣಗಬಾರದೆಂದು ದಪ್ಪ ಲೋಡುಗಳು ಬಂದವು. ಉಳಿದ ಗುಡ್ಡವನ್ನು ಈಕ್ವಲೈಸರ್‌ಗೆ ಬಿಟ್ಟರು.

ಇಷ್ಟಾದರೆ ಮುಗಿಯಿತು ಎನ್ನುವಂತಿಲ್ಲ. ಎರಡು ಪೆಟ್ಟಿಗೆ ಒಂದಾಗಿ ದುಡಿಯಬೇಕಾದರೆ ಕ್ರಮ ಬೇಕು. ಮೊದಲು ಒಂದನ್ನು ಆರಿಸಿ ಇನ್ನೊಂದನ್ನು ಮಾತ್ರ ನುಡಿಸಿ ಎರಡರ ಮಟ್ಟವನ್ನೂ ಒಂದೇ ಮಾಡಬೇಕು. ಒಂದೇ ಸಿಗ್ನಲ್‌ನಲ್ಲಿ ಎರಡೂ ಕೂಡಿದಾಗ ಸದ್ದು ಹೆಚ್ಚೆಂದರೆ 6 ಡೆಸಿಬೆಲ್ ಏರುತ್ತದೆ, ಆಮೇಲೆ ಜೋಡಿಯ ಒಟ್ಟು ಮಟ್ಟವನ್ನು ಇಳಿಸಬೇಕು. ಸೋಫಾದ ನಡುವಿನಿಂದ ಎರಡೂ ಒಂದೇ ದೂರದಲ್ಲಿದ್ದದ್ದು ಇಲ್ಲಿ ಅನುಕೂಲವಾಯಿತು. ಮುಂದೊಂದು ಹಿಂದೊಂದು ಇಟ್ಟಿದ್ದರೆ ಹತ್ತಿರದ್ದು ಮೊದಲು, ದೂರದ್ದು ಆಮೇಲೆ ಮುಟ್ಟುತ್ತಿತ್ತು. ಆರು ಅಡಿಯ ವ್ಯತ್ಯಾಸವೆಂದರೆ ಸುಮಾರು 5 ಮಿಲಿಸೆಕೆಂಡ್. 80 ಹರ್ಟ್ಜ್‌ನ ಒಂದು ಸುತ್ತಿಗೆ ಬೇಕಾದದ್ದೇ 12.5 ಮಿಲಿಸೆಕೆಂಡ್ ಆದ್ದರಿಂದ ಅಷ್ಟು ತಡವಾದರೆ ಎರಡು ಪೆಟ್ಟಿಗೆ ಒಂದನ್ನೊಂದು ಹೆಚ್ಚುಕಡಿಮೆ ಅಳಿಸಿಬಿಡುತ್ತವೆ. ಎರಡನೆಯ ಪೆಟ್ಟಿಗೆ ತಂದ ಮೇಲೆ ಬೇಸ್ ಕಡಿಮೆಯಾಯಿತು ಎಂದು ದೂರುವವರ ಮನೆಯಲ್ಲಿ ಆಗಿರುವುದು ಬಹಳ ಸಲ ಇದೇ.

ಇನ್ನೊಂದು ಕಿರಿಕಿರಿ ವಿದ್ಯುತ್ತಿನದು. ಎರಡು ಸಬ್‌ವೂಫರುಗಳನ್ನು ದೂರದೂರದ ಬೇರೆ ಬೇರೆ ಪ್ಲಗ್ಗಿಗೆ ಸಿಕ್ಕಿಸಿದಾಗ, ಅರ್ಥಿಂಗ್ ಚೆನ್ನಾಗಿಲ್ಲದಿದ್ದರೆ, ಸಿನಿಮಾ ಇಲ್ಲದಾಗಲೂ 50 ಹರ್ಟ್ಜ್‌ನ ಗುಂಯ್ ಎಂಬ ಸದ್ದು ಬರುತ್ತದೆ. ಎಲ್ಲವನ್ನೂ ಒಂದೇ ಸರ್ಕ್ಯೂಟಿಗೆ ತಂದು, ಅರ್ಥಿಂಗ್ ಸರಿಪಡಿಸಿದರೆ ಅದು ಹೆಚ್ಚಾಗಿ ಹೋಗುತ್ತದೆ. ಅರ್ಥ್ ಪಿನ್ನನ್ನೇ ಮುರಿದು ಹಾಕುವ ಚಾಳಿ ಕೆಲವರಿಗಿದೆ. ಅದು ಜೀವಕ್ಕೆ ಅಪಾಯ.

ಪೆಟ್ಟಿಗೆಗಳ ಜಾಗ ಸರಿಹೋದ ಮೇಲೆ ಬರುವುದು ಕ್ರಾಸ್‌ಓವರ್. ಇದು ಕೆಲಸ ಹಂಚುವ ಗಡಿ: ಇದಕ್ಕಿಂತ ಕೆಳಗಿನದು ಸಬ್‌ವೂಫರಿಗೆ, ಮೇಲಿನದು ಸ್ಪೀಕರಿಗೆ. ರಿಸೀವರಿನ ಮೆನುವಿನಲ್ಲಿ ಪ್ರತಿ ಸ್ಪೀಕರಿಗೆ 'ಲಾರ್ಜ್', 'ಸ್ಮಾಲ್' ಎಂದು ಕೇಳುತ್ತದೆ. ದುಡ್ಡು ಕೊಟ್ಟು ತಂದ ಎತ್ತರದ ಸ್ಪೀಕರನ್ನು 'ಸ್ಮಾಲ್' ಎಂದು ಒಪ್ಪಿಕೊಳ್ಳಲು ಅಭಿಮಾನ ಬಿಡುವುದಿಲ್ಲ. ಆ ಪದಕ್ಕೂ ಗಾತ್ರಕ್ಕೂ ಸಂಬಂಧವಿಲ್ಲ. 'ಸ್ಮಾಲ್' ಎಂದರೆ ಬೇಸ್ ಹೊರುವ ಕೆಲಸವನ್ನು ಸಬ್‌ವೂಫರಿಗೆ ಒಪ್ಪಿಸಿದ್ದೇವೆ ಎಂದಷ್ಟೇ ಅರ್ಥ. 'ಲಾರ್ಜ್' ಎಂದು ಹಾಕಿದರೆ ಆ ಸ್ಪೀಕರಿನ ಬೇಸ್ ಅದು ನಿಂತ ಜಾಗದಿಂದಲೇ ಏಳುತ್ತದೆ. ಅಷ್ಟು ಲೆಕ್ಕ ಹಾಕಿ ಸಬ್‌ವೂಫರನ್ನು ಗೋಡೆಯ ನಡುವೆ ಇಟ್ಟದ್ದು ಅಷ್ಟರಮಟ್ಟಿಗೆ ವ್ಯರ್ಥ.

ಗಡಿ ಎಲ್ಲಿರಬೇಕು? ಟಾಮ್ಲಿನ್ಸನ್ ಹೋಲ್ಮನ್ ಲ್ಯೂಕಾಸ್‌ಫಿಲ್ಮ್‌ನಲ್ಲಿದ್ದಾಗ ರೂಪಿಸಿದ ಟಿಎಚ್‌ಎಕ್ಸ್ ಮನೆಗಳಿಗಾಗಿ 80 ಹರ್ಟ್ಜ್ ಎಂದು ಗೆರೆ ಎಳೆಯಿತು. ಅದಕ್ಕಿಂತ ಕೆಳಗಿನ ಸದ್ದು ಯಾವ ಕಡೆಯಿಂದ ಬಂತೆಂದು ಕೋಣೆಯಲ್ಲಿ ಕೂತ ಕಿವಿಗೆ ಸಾಮಾನ್ಯವಾಗಿ ಗೊತ್ತಾಗುವುದಿಲ್ಲ. ಹಾಗಾಗಿ ಪೆಟ್ಟಿಗೆ ಪಕ್ಕದ ಗೋಡೆಯಲ್ಲಿದ್ದರೂ ಗುಡುಗು ತೆರೆಯಿಂದಲೇ ಬಂದಂತೆ ತೋರುತ್ತದೆ. ಗಡಿಯನ್ನು 150ಕ್ಕೆ ಏರಿಸಿದರೆ ಗಂಡಸರ ದನಿಯ ಬುಡ ಅದರೊಳಗೆ ಬಂದುಬಿಡುತ್ತದೆ. ಆಗ ನಾಯಕನ ತುಟಿ ಎದುರಿಗೆ ಅಲ್ಲಾಡುತ್ತದೆ, ಎದೆಯ ದನಿ ಪಕ್ಕದ ಗೋಡೆಯಿಂದ ಗೊಗ್ಗರಾಗಿ ಬರುತ್ತದೆ. ಸಬ್‌ವೂಫರ್ ಪಕ್ಕದ ಗೋಡೆಯಲ್ಲಿರುವ ಕೋಣೆಗೆ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಇಲ್ಲಿ ಮುಂದಿನ ಎರಡಕ್ಕೂ ಸೆಂಟರ್‌ಗೂ 80, ಸೋಫಾದ ಅಕ್ಕಪಕ್ಕದ ಚಿಕ್ಕವಕ್ಕೆ 100 ಎಂದು ನಿಂತಿತು. ಸಬ್‌ವೂಫರಿನ ಬೆನ್ನ ಮೇಲಿರುವ ಕ್ರಾಸ್‌ಓವರ್ ಗುಂಡಿಯನ್ನು ತುದಿಗೆ ತಿರುಗಿಸಿ ಬಿಟ್ಟರು, ಇಲ್ಲದಿದ್ದರೆ ರಿಸೀವರೊಂದು, ಪೆಟ್ಟಿಗೆಯೊಂದು ಎಂದು ಎರಡು ಗಡಿ ಆಗುತ್ತವೆ. ಎಲ್‌ಎಫ್‌ಇ ಎಂಬ, ಚಿತ್ರದವರೇ ಗುಡುಗು ಸಿಡಿಲಿಗೆಂದು ಬೇರೆ ಇಟ್ಟ ಚಾನೆಲ್ಲಿನ ಮಿತಿ 120ರಲ್ಲೇ ಉಳಿಯಿತು.

ಗಡಿ ಎಂದರೆ ಗೋಡೆಯಲ್ಲ, ಇಳಿಜಾರು. 1976ರಲ್ಲಿ ಸೀಗ್‌ಫ್ರೀಡ್ ಲಿಂಕ್‌ವಿಟ್ಸ್ ಬರೆದ, ಲಿಂಕ್‌ವಿಟ್ಸ್-ರೈಲಿ ಎಂದು ಹೆಸರಾದ ಕ್ರಾಸ್‌ಓವರ್‌ನಲ್ಲಿ ಗಡಿಯ ಮೇಲೆ ಎರಡು ಕಡೆಯವೂ ಅರ್ಧರ್ಧ ದನಿ ಕೊಟ್ಟು, ಕೂಡಿದಾಗ ಪೂರ್ತಿಯಾಗುತ್ತವೆ. ಷರತ್ತು ಒಂದೇ: ಇಬ್ಬರೂ ಒಂದೇ ಹೊತ್ತಿಗೆ ದನಿ ಎತ್ತಬೇಕು. ಒಬ್ಬರು ತಡ ಮಾಡಿದರೆ ಗಡಿಯಲ್ಲೇ ಹೊಂಡ ಬೀಳುತ್ತದೆ. ಪರೀಕ್ಷೆ ಸುಲಭ. 80 ಹರ್ಟ್ಜ್ ಸದ್ದು ಹಾಕಿ, ಸಬ್‌ವೂಫರಿನ ಫೇಸ್ ಸ್ವಿಚ್ಚನ್ನು 0ಯಿಂದ 180ಕ್ಕೆ ಬದಲಿಸಬೇಕು. ಯಾವುದರಲ್ಲಿ ಜೋರಾಗಿದೆಯೋ ಅದು ಸರಿ. ಆಮೇಲೆ ರಿಸೀವರಿನಲ್ಲಿ ಸಬ್‌ವೂಫರಿನ ದೂರವನ್ನು ಅರ್ಧ ಅಡಿ, ಒಂದಡಿ ಬದಲಿಸುತ್ತಾ ಗ್ರಾಫು ನೋಡಬೇಕು. ಟೇಪು ಹೇಳುವ ದೂರಕ್ಕಿಂತ ರಿಸೀವರ್ ಹೆಚ್ಚು ತೋರಿಸಿದರೆ ಅದು ತಪ್ಪಲ್ಲ. ಸಬ್‌ವೂಫರಿನೊಳಗಿನ ಎಲೆಕ್ಟ್ರಾನಿಕ್ಸ್ ಮಾಡುವ ತಡವನ್ನೂ ಅದು ಅಡಿಗಳಲ್ಲಿ ಎಣಿಸಿರುತ್ತದೆ.

ಮಾತಿನ ಸ್ಪೀಕರಿಗೂ ಒಂದು ಕೆಲಸ ಉಳಿದಿತ್ತು. ಅದು ಟಿವಿ ಕೆಳಗಿನ ಗೂಡಿನ ಒಳಗೆ ಹಿಂದಕ್ಕೆ ಸರಿದು ಕೂತಿತ್ತು. ಗೂಡಿನೊಳಗಿನ ದನಿ ಕೊಡದೊಳಗಿನ ದನಿ. ಅದನ್ನು ಅಂಚಿನವರೆಗೆ ಮುಂದಕ್ಕೆ ತಂದು, ಕೆಳಗೆ ರಬ್ಬರಿನ ತುಂಡು ಇಟ್ಟು, ಮುಖವನ್ನು ಕೂತವರ ಕಿವಿಯ ಕಡೆಗೆ ಎತ್ತಿದರು. ಅದರ ಮಟ್ಟವನ್ನು 2 ಡೆಸಿಬೆಲ್ ಏರಿಸಿದರು. ಕಿವಿಗೆ ಬೇಕಾದ ವ್ಯಂಜನಗಳು ಬರುವುದು ಅಲ್ಲಿಂದಲೇ.

ಇಷ್ಟೆಲ್ಲ ಮಾಡಿ ಸೋಫಾದಲ್ಲಿ ಕೂತ ಮಗನಿಗೆ ಮೊದಲು ಅನಿಸಿದ್ದು ಏನೋ ಕಳೆದುಹೋಗಿದೆ ಎಂದು. ಅದೂ ಸುಳ್ಳಲ್ಲ. ಕೋಣೆಯ ಸ್ವರಗಳನ್ನು ಮಲಗಿಸಿದರೆ ಅವು ಪುಕ್ಕಟೆ ಕೊಡುತ್ತಿದ್ದ ಬಲವೂ ಹೋಗುತ್ತದೆ. ಮೂಲೆಯಲ್ಲಿಟ್ಟ ಒಂದು ಪೆಟ್ಟಿಗೆ ಎಬ್ಬಿಸುವ ರಂಪವನ್ನು ಗೋಡೆಯ ನಡುವಿನ ಎರಡು ಪೆಟ್ಟಿಗೆ ಎಬ್ಬಿಸುವುದಿಲ್ಲ. ಅದರ ಬದಲು ಬರುವುದು ಬಿಡಿಬಿಡಿಯಾದ ಪೆಟ್ಟು. 'ಕಾಂತಾರ'ದ ಕೊನೆಯ ಭಾಗದಲ್ಲಿ ಮೊದಲು ಒಂದೇ ಹೊಗೆಯಂತೆ ಕೇಳುತ್ತಿದ್ದ ವಾದ್ಯಗಳು ಈಗ ಹೊಡೆದು ನಿಂತು ಮತ್ತೆ ಹೊಡೆಯುತ್ತಿದ್ದವು. ಎರಡು ಪೆಟ್ಟಿಗೆಗಳು ಹೊರೆ ಹಂಚಿಕೊಂಡಿದ್ದರಿಂದ ಯಾವುದೂ ಏದುಸಿರು ಬಿಡುತ್ತಿರಲಿಲ್ಲ. ಗುಂಡಿ ಮೊದಲಿಗಿಂತ ಕೆಳಗಿದ್ದರೂ ಸಾಲುತ್ತಿತ್ತು. ಗೋಡೆಯಾಚೆಯ ಮನೆಗೂ ಅದರಿಂದ ಸ್ವಲ್ಪ ನೆಮ್ಮದಿ ಸಿಕ್ಕಿತು. ಸೋಫಾದ ಅಂಚಿನಲ್ಲಿ ಕೂರುವ ಮಗಳು ಮಾತ್ರ ಯಾವ ವ್ಯತ್ಯಾಸವನ್ನೂ ಹೇಳಲಿಲ್ಲ. ಎಲ್ಲಿ ಕೂತರೂ ಒಂದೇ ಥರ ಇದೆ ಎಂದಳು. ಗ್ರಾಫು ಹೇಳಿದ್ದೂ ಅದನ್ನೇ: ನಾಲ್ಕು ಗೆರೆಗಳು ಒಂದರ ಮೇಲೊಂದು ಹೆಚ್ಚುಕಡಿಮೆ ಕೂತಿದ್ದವು.

ತಾಯಿ ಕೆಳಗಿನಿಂದ ಬಂದದ್ದು ಹೊಸ ಚಿತ್ರಕ್ಕಲ್ಲ, 1965ರ 'ಸತ್ಯ ಹರಿಶ್ಚಂದ್ರ'ಕ್ಕೆ. ರಾಜ್‌ಕುಮಾರ್, ಪಂಡರೀಬಾಯಿ ನಟಿಸಿದ ಆ ಚಿತ್ರಕ್ಕೆ 2008ರಲ್ಲಿ ಬಣ್ಣ ತುಂಬಿದ್ದರು. ಆ ಕಾಲದ ಚಿತ್ರಗಳಲ್ಲಿ ಸಬ್‌ವೂಫರಿಗೆ ಹೆಚ್ಚು ಕೆಲಸವಿರುವುದಿಲ್ಲ. ಮಾತು, ಪದ್ಯ, ಅಳು ಎಲ್ಲವೂ ಒಂದೇ ಕಡೆಯಿಂದ, ಆ ಸೆಂಟರ್ ಸ್ಪೀಕರಿನಿಂದ ಬರುತ್ತದೆ. ತ್ರ್ಯಂಬಕೇಶ್ವರದವರು ಮಾತಿಲ್ಲದೆ ತೆಗೆದ ಕಥೆಯೇ, ತುಮಕೂರಿನವರಿಗೆ ಮಾತಿಗಾಗಿಯೇ ಬೇಕಾದ ಚಿತ್ರ. ಅದನ್ನು ಅವರು ಪೂರ್ತಿ ನೋಡಿದರು. ಆಮೇಲಿನ ವಾರ ಹೊಸ ಚಿತ್ರಕ್ಕೂ ಬಂದರು. ಎಲ್ಲ ಮಾತೂ ತಿಳಿಯುತ್ತದೆ ಎಂದು ಅವರು ಹೇಳುವುದಿಲ್ಲ. ಕೆಲವು ಕಡೆ ಮೊಮ್ಮಗಳನ್ನು ಕೇಳುತ್ತಾರೆ, ಅವಳು ಅರ್ಧ ಕನ್ನಡದಲ್ಲಿ ಅರ್ಧ ಮರಾಠಿಯಲ್ಲಿ ಹೇಳುತ್ತಾಳೆ. ಕಿವಿಯ ಯಂತ್ರ ಹಾಕಿಸುವ ಮಾತು ಇನ್ನೂ ನಡೆಯುತ್ತಿದೆ. ಅದರ ಕೆಲಸವನ್ನು ಯಾವ ಸಬ್‌ವೂಫರೂ ಮಾಡಲಾರದು.

ಹೋಮ್ ಸಿನಿಮಾದ ಹವ್ಯಾಸಿಗಳಲ್ಲಿ ಒಂದು ಮಾತಿದೆ: ಮುಖ್ಯ ಕುರ್ಚಿ. ಅಳೆಯುವುದು ಅಲ್ಲಿ, ತಿದ್ದುವುದು ಅದಕ್ಕಾಗಿ, ಉಳಿದ ಕುರ್ಚಿಗಳಿಗೆ ಬಂದದ್ದು ಪಾಲು. ಒಬ್ಬರೇ ಇರುವ ಮನೆಗೆ ಅದು ಸರಿ, ಅಲ್ಲಿ ಒಂದು ಸಬ್‌ವೂಫರನ್ನೇ ಜಾಗ ನೋಡಿ ಇಟ್ಟರೆ ಸಾಕು. ಪೆಟ್ಟಿಗೆಯನ್ನು ತಾವು ಕೂರುವ ಕುರ್ಚಿಯ ಮೇಲಿಟ್ಟು, ಸಂಗೀತ ಹಾಕಿ, ಗೋಡೆಗುಂಟ ತಾವೇ ಅಂಬೆಗಾಲಿಟ್ಟು ಬೇಸ್ ಎಲ್ಲಿ ಸಮವಾಗಿ ಕೇಳುತ್ತದೋ ಅಲ್ಲಿ ಪೆಟ್ಟಿಗೆ ಇಡುವ ಹಳೆಯ ಉಪಾಯಕ್ಕೆ ಒಂದು ರೂಪಾಯಿಯೂ ಬೇಡ. ಆದರೆ ಕೋಣೆಯಲ್ಲಿ ನಾಲ್ವರಿದ್ದರೆ, ಎರಡನೆಯ ಪೆಟ್ಟಿಗೆ ಕೊಳ್ಳುವ ಮೊದಲೇ ಮಾಡಬೇಕಾದ ಕೆಲಸವೊಂದಿದೆ. ಮೈಕನ್ನಾಗಲಿ, ಅದಿಲ್ಲದಿದ್ದರೆ ತಮ್ಮ ತಲೆಯನ್ನಾಗಲಿ, ಮನೆಯಲ್ಲಿ ಎಲ್ಲರಿಗಿಂತ ಕೆಟ್ಟ ಜಾಗದಲ್ಲಿ ಕೂರುವವರ ಜಾಗಕ್ಕೆ ಒಯ್ದು ಹತ್ತು ನಿಮಿಷ ಕೇಳುವುದು. ಯಾವ ಪೆಟ್ಟಿಗೆ, ಎಷ್ಟು ಇಂಚು, ಎಷ್ಟು ವ್ಯಾಟ್ ಎಂಬುದು ಅದರ ನಂತರದ ಲೆಕ್ಕ.